ಗಂಗೆಪೂಜೆ ಹೊಳೆಯಲ್ಲೇ ಆಗಬೇಕು

ನನ್ನ ಹಿರಿಮಗಳಿಗೆ ಹೆಣ್ಣು ಮಗು ಹುಟ್ಟಿದಾಗ ಬೀದಿಯಲ್ಲಿ ಕಂಡಕಂಡವರ ಬಾಯಿಗೆಲ್ಲ ಸಕ್ಕರೆ ಹಾಕಿದೆ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಆ ಸಂತೋಷಕ್ಕೆ ತಕ್ಕ ಮಾತು ಇಂದಿಗೂ ಸಿಕ್ಕಿಲ್ಲ. ಎಂಥ ಕೂಸು ಅಂತೀರಿ! ಅಜ್ಜಿಯಾದೆ ಎಂದು ನೆನೆದು ಒಲೆ ಮುಂದೆ ಒಬ್ಬಳೇ ನಗುತ್ತಿದ್ದೆ.

ಎಪ್ಪತ್ತರ ದಶಕದ ಮಾತು. ಮದ್ದೂರಿನ ಹತ್ತಿರ, ಶಿಂಷಾ ಹೊಳೆಯ ದಡದಲ್ಲಿ ನಮ್ಮ ಊರು. ಬಾಣಂತಿ ಗಂಗೆಪೂಜೆ ಮಾಡುವವರೆಗೆ ಬಿಂದಿಗೆ ಹೊರುವಂತಿಲ್ಲ, ಗಂಡನ ಮನೆಗೂ ಹೋಗುವಂತಿಲ್ಲ. ಹೊಳೆಯ ಮೆಟ್ಟಿಲಿಗೆ ಅರಿಸಿನ ಕುಂಕುಮ ಇಟ್ಟು, ತುಂಬಿದ ಬಿಂದಿಗೆ ಮನೆಗೆ ತಂದರೇ ಬಾಣಂತನ ಮುಗಿದ ಲೆಕ್ಕ. ಆದರೆ ಆ ಮೆಟ್ಟಿಲ ಪಕ್ಕದಲ್ಲೇ ಕಬ್ಬಿನ ಕಾಕಂಬಿಯಿಂದ ಸ್ಪಿರಿಟ್ಟು ತೆಗೆಯುವ ಒಂದು ಕಾರ್ಖಾನೆ. ಎರಡು ವರ್ಷದ ಹಿಂದೆ ಮಾಲೀಕ ಬೀಗ ಜಡಿದು ಹೊರಟುಹೋದ. ಕಪ್ಪು ಕೊಚ್ಚೆ ತುಂಬಿದ ಗುಂಡಿಗಳನ್ನು ನಮಗೆ ಬಿಟ್ಟ. ಅದು ಜಿನುಗಿ ಜಿನುಗಿ ಮೆಟ್ಟಿಲ ಹತ್ತಿರದ ನೀರು ಕಪ್ಪಾಯಿತು, ಊರ ಬಾವಿಯೂ ನಾರಿತು. ಅಂದಿನಿಂದ ಹೆಂಗಸರು ಮೈಲಿ ದೂರದ ನಾಲೆಯಿಂದ ನೀರು ಹೊರುತ್ತಿದ್ದೆವು. ಗಂಡಸರು ಕೂತಲ್ಲೇ ಆ ನೀರು ಕುಡಿಯುತ್ತಿದ್ದರು.

ಹಲಗೂರಿನಿಂದ ಅಳಿಯನ ತಾಯಿ ಬಂದರು. "ನಾಲೆ ತಾವೇ ಪೂಜೆ ಮಾಡ್ಬುಡಿ ಬೀಗ್ತಿ. ಸೊಸೆ ಕರ್ಕೊಂಡು ಓಯ್ತೀನಿ. ಗಂಗೆ ಎಲ್ಲಾದ್ರೂ ಗಂಗೇನೇ."

"ನಮ್ಮತ್ತೆ ಮಾಡಿದ್ದು ಈ ಮೆಟ್ಲಲ್ಲಿ, ನಾನು ಮಾಡಿದ್ದೂ ಇಲ್ಲೇ. ಕೊಚ್ಚೆ ತೆಗ್ಯೋಗಂಟ ಮಗಳನ್ನ ಕಳ್ಸಕಿಲ್ಲ ಕಣಮ್ಮ."

"ಅಷ್ಟೊತ್ಗೆ ಕೂಸು ಮದ್ವೆ ವಯಸ್ಸಿಗೆ ಬತ್ತದೆ!"

"ಬರ್ಲಿ ಬುಡು. ಚಪ್ರಾನೂ ಒಳೆ ದಡದಲ್ಲೇ ಆಕುಸ್ತೀನಿ."

ಬೀಗಿತ್ತಿ ಸಿಟ್ಟಾಗಿ ಬಸ್ಸು ಹತ್ತಿದರು. ನನ್ನ ಯಜಮಾನರೂ ಬೈದರು. ಹಾಗಾದರೆ ನೋಡೋಣ ಎಂದು ಅಂದೇ ಪದ್ಧತಿಗೆ ಒಂದು ಬಾಲ ಸೇರಿಸಿದೆ: ಗಂಗೆಪೂಜೆಯಾಗದ ಮನೆಯಲ್ಲಿ ಬಾಣಂತಿ ಮಾತ್ರವಲ್ಲ, ಯಾವ ಹೆಂಗಸೂ ಬಿಂದಿಗೆ ಮುಟ್ಟುವಂತಿಲ್ಲ. ಇದು ಯಾವ ಶಾಸ್ತ್ರದಲ್ಲೂ ಇಲ್ಲವೆಂದು ನನಗೂ ಗೊತ್ತಿತ್ತು. ಬೀದಿಯಲ್ಲಿ ಇನ್ನೂ ಇಬ್ಬರು ಬಾಣಂತಿಯರಿದ್ದರು, ಪಕ್ಕದ ಮನೆಯ ಸೊಸೆ ಮತ್ತು ಶಾಲೆ ಮೇಷ್ಟರ ಹೆಂಡತಿ. ಆ ಮನೆಗಳಿಗೂ ಹೋಗಿ ಹೇಳಿದೆ. ಹೆಂಗಸರು ನಕ್ಕು ಒಪ್ಪಿಕೊಂಡರು.

ಮಾರನೇ ಬೆಳಿಗ್ಗೆ ನಾಲೆಯ ದಾರಿಯಲ್ಲಿ ಮೂರೂ ಮನೆಯ ಗಂಡಸರ ಸಾಲು. ಯಜಮಾನರು ಹೆಗಲ ಮೇಲೆ ತಾಮ್ರದ ಬಿಂದಿಗೆ ಇಟ್ಟುಕೊಂಡು, ಅರ್ಧ ನೀರನ್ನು ಬೆನ್ನಿಗೇ ಸುರಿದುಕೊಂಡು ಬಂದರು. ಜಗಲಿಯ ಮೇಲಿನ ಹೆಂಗಸರು ಬಿಡುತ್ತಾರೆಯೇ?

"ಏನ್ ಗೌಡ್ರೇ, ನಿಮ್ ಬಾಣಂತನ ಮುಗೀತಾ?"

"ಸುಮ್ಕಿರ್ರಮ್ಮಿ, ಸೊಂಟ ಮುರ್ದೋಯ್ತು!"

ಹತ್ತನೇ ದಿನ ಮೇಷ್ಟರು ನಮ್ಮ ಬಾಗಿಲಲ್ಲಿ ಬಿಂದಿಗೆ ಇಳಿಸಿ, "ಇನ್ನು ನನ್ನ ಕೈಲಾಗಲ್ಲಮ್ಮ, ಅರ್ಜಿ ಬರೀತೀನಿ, ಹೇಳಿ," ಎಂದರು. ನಾನು ಹೇಳಿದೆ, ಅವರು ಬರೆದರು. ಎರಡು ವರ್ಷ ತೆಪ್ಪಗಿದ್ದ ಗಂಡಸರೆಲ್ಲ ನಮ್ಮ ಹಿಂದೆ ತಾಲ್ಲೂಕು ಕಚೇರಿಗೆ ಬಂದರು.

ಅಧಿಕಾರಿ ಅರ್ಜಿ ಓದಿ, "ಕಾರ್ಖಾನೆ ಮುಚ್ಚಿದೆ. ಮಾಲೀಕರ ವಿಳಾಸವೇ ಇಲ್ಲ. ಯಾರನ್ನ ಕೇಳೋಣ?" ಎಂದರು.

"ಗುಂಡಿ ವಿಳಾಸ ನಂಗೊತ್ತು, ಬನ್ನಿ ಸ್ವಾಮಿ. ಅದು ಎಲ್ಗೂ ಓಡೋಗಿಲ್ಲ," ಎಂದೆ.

ಯಜಮಾನರು ಹಿಂದಿನಿಂದ, "ಬಿರ್ರನೆ ಬನ್ನಿ ಬುದ್ದಿ, ನನ್ ಎಗಲು ಬಿದ್ದೋಯ್ತದೆ," ಎಂದರು.

ಅವರು ಅಂದು ಬರಲಿಲ್ಲ. ನಾವೂ ಬಿಡಲಿಲ್ಲ; ಪ್ರತಿ ಸೋಮವಾರ ಬುತ್ತಿ ಕಟ್ಟಿಕೊಂಡು ಹೋಗಿ ಕಚೇರಿಯ ಜಗಲಿಯಲ್ಲೇ ಉಂಡೆವು. ಕೊನೆಗೆ ಲಾರಿಗಳು ಬಂದವು. ಆಳುಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆಟ್ಟಿಲ ಪಕ್ಕದ ಗುಂಡಿಗಳ ಕೊಚ್ಚೆಯನ್ನು ಲಾರಿಗೆ ತುಂಬಿದರು. ಆಮೇಲೆ ಮಳೆಗಾಲದ ಹೊಳೆ ಉಕ್ಕಿ ಬಂದು ಮೆಟ್ಟಿಲು ತೊಳೆಯಿತು.

ಅಷ್ಟರಲ್ಲಿ ನನ್ನ ಕೂಸು ಅಂಬೆಗಾಲಿಡುತ್ತಿತ್ತು. ಗಂಗೆಪೂಜೆಗೆ ತನ್ನಷ್ಟಕ್ಕೆ ತಾನೇ ಮೆಟ್ಟಿಲವರೆಗೆ ಹರಿದುಬಂದ ಮಗು ನಮ್ಮ ಕುಲದಲ್ಲಿ ಅವಳೊಬ್ಬಳೇ! ಬೀಗಿತ್ತಿ ಬಂದು ಅವಳನ್ನು ಎತ್ತಿ ಮುದ್ದಾಡಿದರು. ಮಗಳು ಬಿಂದಿಗೆ ಮುಳುಗಿಸಿದಳು. ನೀರು ತಿಳಿಯಾಗಿತ್ತು.

ಕಾರ್ಖಾನೆ ಗೋಡೆಯ ಹಿಂದಿನ ದೊಡ್ಡ ಗುಂಡಿ ಮಾತ್ರ ಹಾಗೇ ಉಳಿದಿತ್ತು. ನೋಡಲು ಬಂದಿದ್ದ ಅಧಿಕಾರಿ ಅದಕ್ಕೆ ಬೆನ್ನು ಹಾಕಿ ನಿಂತು, "ಈಗ ಸಮಾಧಾನವೇನಮ್ಮ?" ಎಂದು ಕೇಳಿದರು.

"ನನ್ ಕಿರಿಮಗಳು ಈಗ ಏಳು ತಿಂಗ್ಳ ಬಸುರಿ ಸ್ವಾಮಿ," ಎಂದೆ.