ಬಾಗಿಲಿಗೆ ಕಟ್ಟಿದ ಸೊಪ್ಪು

ಮೊನ್ನೆ ಬೀರೂರಿನ ಸಂತೆಯಲ್ಲಿ ಹೂವಿನವಳು ಮಾಚಿಪತ್ರೆಯ ಕಟ್ಟು ಬಿಚ್ಚಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದೆ ಧಸಕ್ಕೆಂದಿತು. ಎಲ್ಲರಿಗೂ ಅದು ಪೂಜೆಯ ಪರಿಮಳ. ನನಗೆ ಮಾತ್ರ ಚೀನಾದ ಒಂದು ಸಂಜೆ, ಮೆಟ್ಟಿಲು, ಜ್ವರದಲ್ಲಿ ಸುಡುತ್ತಿದ್ದ ಮಗಳ ಹಣೆ... ಮತ್ತು ಎದುರುಮನೆಯ ಅಜ್ಜಿ.

ತರೀಕೆರೆಯಲ್ಲಿ ಪಾಠ ಮಾಡಿಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದವಳು ನಾನು. ಚೀನಾದ ಪುಟ್ಟ ಊರೊಂದರ ಶಾಲೆಗೆ ಇಂಗ್ಲಿಷ್ ಕಲಿಸಲು ಹೋದೆ. ಗಂಡ ಕಡೂರಿನ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಪುಟ್ಟ ಮಗಳನ್ನು ಬಿಟ್ಟು ನಾನಿರುವಂತಿರಲಿಲ್ಲ, ಅವಳನ್ನು ಜೊತೆಗೇ ಕರೆದೊಯ್ದೆ. ಬೇಸಿಗೆ ಶುರುವಾಗಿತ್ತು. ಮಧ್ಯಾಹ್ನದ ಊಟವಾದ ಮೇಲೆ ಇಡೀ ತರಗತಿ ಡೆಸ್ಕಿಗೆ ತಲೆಯಾನಿಸಿ ನಿದ್ದೆ ಹೋಗುತ್ತಿತ್ತು, ಫ್ಯಾನಿನ ಸದ್ದಿನಲ್ಲಿ ನಾನೊಬ್ಬಳೇ ಎಚ್ಚರ. ಪರೀಕ್ಷೆ ಹತ್ತಿರವಾದಂತೆ ನನ್ನ ಪೀರಿಯಡ್ಡುಗಳನ್ನೆಲ್ಲ ಗಣಿತದವರು ಕಿತ್ತುಕೊಂಡರು. ಕೆಲಸ ಕಡಿಮೆಯಾದಷ್ಟೂ ಹೆದರಿಕೊಳ್ಳಲು ಪುರುಸೊತ್ತು ಹೆಚ್ಚಿತು.

ಹೆದರಿಕೆ ಎದುರುಮನೆಯ ಅಜ್ಜಿಯದೇ. ನಾವು ಮೆಟ್ಟಿಲು ಹತ್ತಿದರೆ ಸಾಕು, ಅವರ ಬಾಗಿಲು ಅರ್ಧ ತೆರೆಯುತ್ತಿತ್ತು. ನನ್ನ ಕುಂಕುಮವನ್ನು ದಿಟ್ಟಿಸುವರು, ಮಗಳ ಗುಂಗುರು ಕೂದಲು ನೇವರಿಸುತ್ತ ಗಟ್ಟಿ ಸ್ವರದಲ್ಲಿ ಏನೋ ಹೇಳುವರು. ಅವರ ಭಾಷೆಯಲ್ಲಿ ನನಗೆ ಬರುತ್ತಿದ್ದದ್ದು ನಮಸ್ಕಾರ, ಅನ್ನ, ಬೆಲೆ ಎಷ್ಟು, ಇಷ್ಟೇ. ಅವರು ಮುದ್ದಿಸುತ್ತಿದ್ದಾರೋ ಗದರುತ್ತಿದ್ದಾರೋ ತಿಳಿಯುತ್ತಿರಲಿಲ್ಲ.

ಆಮೇಲೆ ಮಗಳಿಗೆ ಜ್ವರ ಬಂತು. ಔಷಧಿ ಕೊಟ್ಟರೂ ಬಿಟ್ಟು ಬಿಟ್ಟು ಬರುತ್ತಿತ್ತು. ಆ ಸಂಜೆ ಆಸ್ಪತ್ರೆಯಿಂದ ಅವಳನ್ನು ಹೆಗಲಿಗೆ ಹಾಕಿಕೊಂಡು ಬಂದರೆ, ನಮ್ಮ ಬಾಗಿಲಿಗೆ ಸೊಪ್ಪಿನ ಕಟ್ಟೊಂದು ನೇತಾಡುತ್ತಿದೆ! ಬಾಡಿದ ಎಲೆ, ನಡುವೆ ಕತ್ತಿಯಂಥ ಉದ್ದನೆಯ ಹಸಿರು ಗರಿ, ಸುತ್ತ ಕೆಂಪು ದಾರ. ಬೇರೆ ಯಾವ ಬಾಗಿಲಿಗೂ ಇಲ್ಲ. ಅಜ್ಜಂಪುರದಲ್ಲಿದ್ದ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಬಾಗಿಲು ತೋರಿಸಿದೆ.

"ಲೇ, ಮುಟ್ಬ್ಯಾಡ ಕಣೇ! ಯಾರೋ ಮಾಡ್ಸವ್ರೆ. ಕೆಂಪು ದಾರ ಕಾಣಲ್ವಾ? ಮಗೂನ ಒಳಕ್ಕೆ ಕರ್ಕೊಂಡ್ ಹೋಗ್ಬ್ಯಾಡ," ಎಂದಳು ಅಮ್ಮ.

ಮಾಟಮಂತ್ರ ನಂಬುವವಳಲ್ಲ ಎಂದು ಜಂಬ ಕೊಚ್ಚುತ್ತಿದ್ದವಳು ನಾನು. ಮಗುವಿನ ಮೈ ಕಾದಾಗ ಓದಿದ್ದೆಲ್ಲ ಎಲ್ಲಿ ಹೋಯಿತೋ... ಬೀಗದ ಕೈ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಒಳಗೆ ಹೋದರೆ ಮಗು ಉಳಿಯುತ್ತದೋ ಇಲ್ಲವೋ ಎನ್ನುವಷ್ಟು ಭಯ.

ಎದುರು ಬಾಗಿಲು ತೆರೆಯಿತು. ಅಜ್ಜಿಯ ಕೈಯಲ್ಲಿ ಮತ್ತೊಂದು ದಾರ, ಐದು ಬಣ್ಣದ್ದು! ನೇರ ಬಂದು ಮಗಳ ಮುಂಗೈ ಹಿಡಿದರು. "ಬೇಡ, ಬೇಡ" ಎಂದು ಕನ್ನಡದಲ್ಲೇ ಕಿರುಚಿ ಮಗುವನ್ನು ಎದೆಗೊತ್ತಿಕೊಂಡೆ. ಅಜ್ಜಿ ಬೆಚ್ಚಿ ಹಿಂದೆ ಸರಿದರು. ನನ್ನನ್ನು ನೋಡಿದರು, ನಮ್ಮ ಬಾಗಿಲನ್ನು ನೋಡಿದರು. ಒಳಗಿನಿಂದ ಅಂಥದೇ ಕಟ್ಟೊಂದನ್ನು ತಂದು ತಮ್ಮ ಬಾಗಿಲಿಗೂ ಕಟ್ಟಿದರು. ಒಂದೆಲೆ ಹೊಸಕಿ, ಮೊದಲು ತಾವು ಮೂಸಿ, ಆಮೇಲೆ ನನ್ನ ಮೂಗಿಗೆ ಹಿಡಿದರು.

ಮಾಚಿಪತ್ರೆ! ಅಮ್ಮ ಕನಕಾಂಬರದ ಜೊತೆ ಸೇರಿಸಿ ಕಟ್ಟುತ್ತಿದ್ದಳಲ್ಲ, ಅದೇ ಕಂಪು. ನನಗೆ ಅಳು ಒತ್ತರಿಸಿ ಬಂತು. ಅಜ್ಜಿ ದಾರ ಕಟ್ಟಲೆಂದು ಮಗಳ ಕೈಯನ್ನು ನಾನೇ ಮುಂದೆ ಹಿಡಿದೆ.

ಬೇಸಿಗೆ ಕಾಲಿಡುವಾಗ ರೋಗರುಜಿನ ಮನೆಯೊಳಗೆ ಬಾರದಿರಲೆಂದು ಅಲ್ಲಿನವರು ಹಬ್ಬಕ್ಕೆ ಹೀಗೆ ಬಾಗಿಲಿಗೆ ಸೊಪ್ಪು, ಮಕ್ಕಳ ಕೈಗೆ ದಾರ ಕಟ್ಟುತ್ತಾರಂತೆ. ಮರುದಿನ ಶಾಲೆಯ ಸಹೋದ್ಯೋಗಿಯೊಬ್ಬರು ಹೇಳಿದರು. ಜ್ವರದ ಮಗುವಿರುವ ಮನೆಯೆಂದು ಅಜ್ಜಿ ಹಬ್ಬಕ್ಕೂ ಕಾಯದೆ, ತಮ್ಮ ಬಾಗಿಲಿಗಿಂತ ಮೊದಲು ನಮ್ಮದಕ್ಕೆ ಕಟ್ಟಿದ್ದರು. ಆ ಕತ್ತಿಯಂಥ ಗರಿ ಬಜೆ ಗಿಡದ್ದು. ಬಾಣಂತನದಲ್ಲಿ ಅಮ್ಮ ನನ್ನ ಮಗಳ ಕೈಗೆ ಕಟ್ಟಿದ್ದೂ ಬಜೆಯನ್ನೇ.

ಜ್ವರ ಇಳಿಯಿತು. ಸೊಪ್ಪಿನಿಂದಲೋ ಔಷಧಿಯಿಂದಲೋ, ನಾನು ವಿಚಾರಿಸಲು ಹೋಗಲಿಲ್ಲ. ರಜೆಗೆ ಊರಿಗೆ ಬಂದವಳಿಗೆ ಮತ್ತೆ ಅಲ್ಲಿಗೆ ಹೋಗಲಾಗಲಿಲ್ಲ... ಈ ಬೇಸಿಗೆಗೆ ಮುಂಚೆ ಅಜ್ಜಿ ತೀರಿಕೊಂಡರೆಂದು ಅದೇ ಸಹೋದ್ಯೋಗಿ ಫೋನಿನಲ್ಲಿ ಹೇಳಿದರು. ಮೆಟ್ಟಿಲು ಹತ್ತುವ ಸದ್ದಿಗೆ ತೆರೆಯುತ್ತಿದ್ದ ಆ ಬಾಗಿಲು ಈಗ ಮುಚ್ಚಿಯೇ ಇರುತ್ತದಂತೆ.

ಸಂತೆಯಿಂದ ತಂದ ಮಾಚಿಪತ್ರೆಗೆ ಕೆಂಪು ದಾರ ಸುತ್ತಿ ಕಡೂರಿನ ನಮ್ಮ ಬಾಗಿಲಿಗೆ ಕಟ್ಟಿದೆ. ಸಂಜೆ ಪಕ್ಕದ ಮನೆಯಾಕೆ ಬಂದವರು ಗೇಟಿನಲ್ಲೇ ನಿಂತರು. ಅವರ ಮುಖ ಬಿಳಿಚಿಕೊಂಡಿತ್ತು.

"ಅಯ್ಯೋ, ಯಾರ್ ಕಣ್ರೀ ನಿಮ್ ಬಾಗ್ಲಿಗೆ ಇದನ್ನ ಕಟ್ಟಿರೋದು?"

"ಎದುರುಮನೆ ಅಜ್ಜಿ," ಎಂದುಬಿಟ್ಟೆ.

ಆಕೆ ಮೆಲ್ಲಗೆ ಹಿಂದಿರುಗಿ ನೋಡಿದರು. ನಮ್ಮ ಮನೆಯ ಎದುರಿಗಿರುವುದು ಖಾಲಿ ಸೈಟು.