ವ್ಯಾನ್ ಹೊರಟಿದೆ ಎನ್ನುತ್ತಿದ್ದ ಅತ್ತಿಗೆ

ಮೊನ್ನೆ ಸುಟ್ಟುಹೋದ ಮೋಟರೊಂದಕ್ಕೆ ಹೊಸ ತಂತಿ ಸುತ್ತಿ ವಾರ್ನಿಷ್ ಹೊಯ್ಯುತ್ತಿದ್ದೆ. ಹೆದ್ದಾರಿ ಕೆಲಸದ ಧೂಳು ಒಳಗೆ ಬಾರದಿರಲೆಂದು ನನ್ನ ಅಂಗಡಿಯ ಬಾಗಿಲು ಹಾಕಿದ್ದೆ. ಮೂಗು ಉರಿಸುವ ಆ ವಾಸನೆಯ ಒಳಗೆಲ್ಲೋ ಮಲ್ಲಿಗೆಯ ವಾಸನೆಯೂ ಇದೆ ಅನ್ನಿಸಿ ಕೈ ನಿಂತಿತು... ಕುಂದಾಪುರದ ಆ ಅಂಗಡಿಯಲ್ಲಿ ಎರಡೂ ಯಾವಾಗಲೂ ಒಟ್ಟಿಗೇ ಇರುತ್ತಿದ್ದವು. ವಾರ್ನಿಷ್ ನಮ್ಮದು, ಮಲ್ಲಿಗೆ ಅತ್ತಿಗೆಯ ಮುಡಿಯದು.

ಅದು ಮೂವರು ಅಣ್ಣತಮ್ಮಂದಿರ ಪಂಪ್‌ಸೆಟ್ ರಿಪೇರಿ ಕಂಪೆನಿ. ತೊಂಬತ್ತರ ದಶಕದ ಕೊನೆಯಲ್ಲಿ ನಾನಲ್ಲಿ ವೈಂಡಿಂಗ್ ಕೆಲಸಕ್ಕಿದ್ದೆ. ಅತ್ತಿಗೆ ಎಂದರೆ ದೊಡ್ಡಣ್ಣನ ಹೆಂಡತಿ. ಮೈದುನರು ಕರೆದಂತೆ ನಾವೂ ಕರೆಯುತ್ತಿದ್ದೆವು. ಗಿರಾಕಿಗಳಿಗೆ ಬರವಿರಲಿಲ್ಲ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಎಲ್ಲಿ ಮೋಟರು ಸುಟ್ಟರೂ ನಮ್ಮನ್ನೇ ಕರೆಯುತ್ತಿದ್ದರು. ಇದ್ದದ್ದು ಮಾತ್ರ ಒಂದೇ ವ್ಯಾನ್. ದೊಡ್ಡಣ್ಣ ದೇವಸ್ಥಾನದಲ್ಲಿ ಸಿಕ್ಕವರಿಗೆ, ನಡುವಿನವ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆ, ಸಣ್ಣವ ಕ್ರಿಕೆಟ್ ಆಡುವಲ್ಲಿ ಸಿಕ್ಕವರಿಗೆ, ಎಲ್ಲರಿಗೂ ನಾಳೆ ಬೆಳಿಗ್ಗೆ ಬರುವುದಾಗಿ ಹೇಳಿಬಿಡುತ್ತಿದ್ದರು. ಒಬ್ಬ ಹೇಳಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲ. ಬೆಳಿಗ್ಗೆ ಯಾವ ಕಡೆ ಹೋಗುವುದೆಂದು ಮೂವರೂ ಜಗಳಕ್ಕೆ ನಿಂತರೆ, ಬಿಸಿಲೇರಿದರೂ ವ್ಯಾನ್ ಅಂಗಳದಲ್ಲೇ. ನನಗೋ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೊರಗೆ ಹೋಗಿ ಅದರ ಟೈರಿಗೆ ಒದ್ದು ಬರುತ್ತಿದ್ದೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರು ಇಷ್ಟು ತಿಳಿದುಕೊಳ್ಳಿ: ಕೆಲಸದ ಕೈ ಎಷ್ಟಾದರೂ ಇರಲಿ, ಮಾತು ಕೊಡುವ ಬಾಯಿ ಒಂದೇ ಇರಬೇಕು.

ಈ ಮೂರು ಬಾಯಿಗಳ ಮಾತು ಕೊನೆಗೆ ಬಂದು ಬೀಳುತ್ತಿದ್ದದ್ದು ಅತ್ತಿಗೆಯ ಮೇಜಿನ ಫೋನಿಗೆ. "ಹೊರಟಾಯ್ತ್ ಕಾಣಿ, ಈಗಷ್ಟೇ ಹೊರಟ್ರ್," ಎನ್ನುತ್ತಿದ್ದರು ಅತ್ತಿಗೆ, ಕಿಟಕಿಯಾಚೆ ನಿಂತ ವ್ಯಾನನ್ನು ನೋಡುತ್ತಲೇ. ಆ ದನಿಯಲ್ಲಿ ಎಂಥ ಅಕ್ಕರೆ ಇರುತ್ತಿತ್ತೆಂದರೆ, ಬೈಯಲೆಂದೇ ಫೋನ್ ಮಾಡಿದವರೂ ಮನೆಮಂದಿಯ ಆರೋಗ್ಯ ವಿಚಾರಿಸಿ ಇಡುತ್ತಿದ್ದರು. ಮರವಂತೆಯ ಹೋಟೆಲಿನವರೊಬ್ಬರು ಮಾತ್ರ ಒಮ್ಮೆ ಬಸ್ ಹತ್ತಿ ಬಂದೇ ಬಿಟ್ಟರು.

"ಹ್ವಾಯ್ ಅತ್ತ್ಗಿ, ನಿಮ್ ವ್ಯಾನ್ ನಿನ್ನಿ ಹೊರಟದ್ದ್, ಗೋವಾಕ್ಕೆ ಹೋಯ್ತಾ ಎಂತ ಕತಿ?"

ಅತ್ತಿಗೆ ನಕ್ಕು ಅವರಿಗೆ ಚಾ ತರಿಸಿದರು. ಅವರು ಚಾ ಕುಡಿದು, ನಮ್ಮಲ್ಲೇ ಬಿದ್ದಿದ್ದ ತಮ್ಮ ಪಂಪನ್ನು ಬೇರೆ ಅಂಗಡಿಗೆ ಹೊತ್ತುಕೊಂಡು ಹೋದರು.

ಅತ್ತಿಗೆಯ ತಮ್ಮನೊಬ್ಬ ಬೈಂದೂರಿನ ಕಡೆ ಗದ್ದೆಯನ್ನು ಗೇಣಿಗೆ ಹಿಡಿದು ಭತ್ತ ಕೊಯ್ದ ಮೇಲೆ ಕಲ್ಲಂಗಡಿ ಹಾಕಿದ್ದ. ಅವನಿಗದು ಮೊದಲ ಬೆಳೆ. ಬಳ್ಳಿಯಲ್ಲಿ ಮಿಡಿ ಕಚ್ಚುವ ಹೊತ್ತಿಗೆ ಮೋಟರು ಸುಟ್ಟಿತು. ತಂದು ನಮ್ಮಲ್ಲಿ ಹಾಕಿ ಹೋದ. ನಡುವಿನವ ಅದನ್ನು ನೋಡಿ, "ನಮ್ಮವ್ರೇ ಅಲ್ದಾ, ಕಾಯ್ತ್ರ್" ಎಂದು ಬದಿಗಿಟ್ಟ. ನನ್ನ ಬೆಂಚಿಗೆ ಅದು ಬರಲೇ ಇಲ್ಲ.

ಎಸ್‌ಟಿಡಿ ಬೂತಿನಿಂದ ತಮ್ಮ ದಿನಾ ಫೋನ್ ಮಾಡುತ್ತಿದ್ದ. ಅತ್ತಿಗೆ ಗಂಡನನ್ನು ಕೇಳಿದರು. ಅವರು ಪೇಪರಿನಿಂದ ತಲೆಯೆತ್ತದೆ, "ಹೊರಟಾಯ್ತಲೆ," ಎಂದರು. ಊರಿಗೆಲ್ಲ ಅತ್ತಿಗೆಯೇ ಹೇಳುತ್ತಿದ್ದ ಮಾತು ಅದು. ತಮಗೇ ಹೇಳಿದಾಗ ಅತ್ತಿಗೆ ನಂಬಿದರು. ತಮ್ಮನಿಗೂ ಅದನ್ನೇ ಹೇಳಿದರು.

ಒಂದು ಬೆಳಿಗ್ಗೆ ಪೊರಕೆ ಹಿಡಿದು ಮೂಲೆ ಗುಡಿಸುತ್ತಿದ್ದ ಅತ್ತಿಗೆ ಗೋಣಿಯೊಂದನ್ನು ಎತ್ತಿದರು. ಅದರಡಿಯಲ್ಲಿ ತಮ್ಮನ ಮೋಟರಿತ್ತು, ಬಂದ ಹಾಗೆಯೇ. ಪೊರಕೆಯನ್ನು ಗೋಡೆಗೆ ಒರಗಿಸಿದರು. ಆಮೇಲೆ ನನ್ನ ಬೆಂಚಿನ ಮೇಲೆ ಅದನ್ನು ತಾವೇ ತಂದಿಟ್ಟರು.

"ಇವತ್ತ್ ಸಂಜಿ ಒಳ್ಗೆ ಆತ್ತಾ?"

"ಬೇರೆ ಎಂತದೂ ಮುಟ್ಟದಿದ್ರೆ ಆತ್ತ್, ಅತ್ತ್ಗಿ."

"ಮುಟ್ಬೇಡಿ."

ನಾನು ತಂತಿ ಸುತ್ತುತ್ತಿದ್ದೆ. ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಪ್ರತಿ ಸಲವೂ ಅತ್ತಿಗೆ, "ಇವತ್ತ್ ಬತ್ತಿಲ್ಲ. ನಾಳೆಯೂ ಸಂಶಯವೇ. ಬೇರೆಯವ್ರನ್ನ ಕರೀನಿ," ಎಂದು ಇಟ್ಟುಬಿಡುತ್ತಿದ್ದರು. ದೊಡ್ಡಣ್ಣ ಓಡಿ ಬಂದರು.

"ನಿಂಗೆ ತಲಿ ಸಮ ಇತ್ತಾ? ಗಿರಾಕಿ ಎಲ್ಲ ಹೋತ್ರಲೆ!"

"ಹೋಯ್ಲಿ. ಹೋದವ್ರ್ ಆದ್ರೂ ಬಚಾವ್."

ವಾರ್ನಿಷ್ ಒಣಗಲು ಮೋಟರಿನೊಳಗೆ ದೊಡ್ಡ ಬಲ್ಬ್ ಉರಿಸಿಟ್ಟು ಇಬ್ಬರೂ ಅದರ ಮುಂದೆ ಕೂತೆವು. ಅತ್ತಿಗೆ ಗಳಿಗೆಗೊಮ್ಮೆ ಏಳುವರು, ಬಾಗಿಲಿಗೆ ಹೋಗುವರು, ಬಂದು ಮುಟ್ಟಿ ನೋಡುವರು. ವ್ಯಾನ್ ಸಣ್ಣವನ ಜೊತೆ ಎಲ್ಲಿಗೋ ಹೋಗಿತ್ತು. ಕೊನೆಗೆ ಮೋಟರನ್ನು ಗೋಣಿಯಲ್ಲಿ ಸುತ್ತಿ ಬೈಂದೂರು ಬಸ್ಸಿಗೆ ಹಾಕಿ ನಾವೂ ಹತ್ತಿದೆವು. ಲಗೇಜಿಗೆ ಕಂಡಕ್ಟರ್ ಕೇಳಿದಷ್ಟನ್ನು ಚೌಕಾಶಿ ಮಾಡದೆ ಕೊಟ್ಟದ್ದು ನನ್ನ ಬದುಕಿನಲ್ಲಿ ಅದೊಂದೇ ಸಲವಿರಬೇಕು.

ಬೆಳಕು ಇಳಿಯುವ ಮೊದಲು ಗದ್ದೆಗೆ ಮುಟ್ಟಿದೆವು. ಅತ್ತಿಗೆಯ ತಮ್ಮ ಕೊಡದಲ್ಲಿ ನೀರು ಹೊತ್ತು ತೋಡಿನ ಬದಿಯ ಸಾಲುಗಳನ್ನಷ್ಟೇ ಉಳಿಸಿಕೊಂಡಿದ್ದ. ಉಳಿದದ್ದೆಲ್ಲ ನೆಲಕ್ಕಂಟಿ ಕಂದು ಬಣ್ಣಕ್ಕೆ ತಿರುಗಿತ್ತು. ಮಿಡಿಗಳು ಗೋಲಿಯಷ್ಟಾಗಿ ಸುಕ್ಕುಗಟ್ಟಿದ್ದವು. ಪಂಪ್ ಕೂರಿಸಿದೆ. ನೀರು ಬಂತು. ಯಾರ ಮುಖದಲ್ಲೂ ಗೆಲುವಿರಲಿಲ್ಲ.

"ಬಾಡಿಗಿ ಪಂಪ್ ತರುಕೆ ಎಲ್ಲರೂ ಹೇಳ್ರ್," ಎಂದ ತಮ್ಮ, ನೀರನ್ನೇ ನೋಡುತ್ತ. "ನೀ ಹೊರಟಾಯ್ತ್ ಅಂದ್ಯಲೆ ಅಕ್ಕ. ಹಾಂಗಾಯಿ ಕಾದೆ."

ಬೈದಿದ್ದರೆ ಅತ್ತಿಗೆ ತಡೆದುಕೊಳ್ಳುತ್ತಿದ್ದರೇನೋ... ಅವನು ಬೈಯಲಿಲ್ಲ.

ಮರುದಿನದಿಂದ ಅವರು ಆ ಮೇಜಿಗೆ ಬರಲಿಲ್ಲ. ನಾನೂ ಹೆಚ್ಚು ದಿನ ಉಳಿಯಲಿಲ್ಲ. ಅಣ್ಣತಮ್ಮಂದಿರು ಪಾಲಾದರು, ಯಾರ ಪಾಲಿಗೂ ಗಿರಾಕಿಗಳು ಉಳಿಯಲಿಲ್ಲ.

ಬ್ರಹ್ಮಾವರದಲ್ಲಿ ಸ್ವಂತ ಅಂಗಡಿ ಹಾಕಿದ ಮೇಲೆ ಅತ್ತಿಗೆಯ ಮನೆಗೆ ಹೋದೆ. ನನ್ನ ಅಂಗಡಿಯ ಫೋನಿಗೆ ಅವರ ದನಿ ಬೇಕಿತ್ತು. ಸಂಬಳ ಎಷ್ಟರಿಂದ ಶುರುಮಾಡಿ ಎಷ್ಟರವರೆಗೆ ಏರಬಹುದೆಂದು ಬಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಅತ್ತಿಗೆ ಪೂರ್ತಿ ಕೇಳಿಸಿಕೊಂಡರು.

"ಗುಡ್ಸುಕೆ ಹೇಳಿ, ಅಡ್ಗಿ ಮಾಡುಕೆ ಹೇಳಿ, ಬತ್ತೆ. ಫೋನ್ ಒಂದ್ ಬ್ಯಾಡ."

ಎಷ್ಟು ಏರಿಸಿದರೂ ಆಗದ ಮಾತು ಅದೆಂದು ಅವರ ಮುಖ ನೋಡಿಯೇ ತಿಳಿಯಿತು. ಚೌಕಾಶಿ ಮಾಡದೆ ಎದ್ದು ಬಂದೆ.

ಈಗ ಅತ್ತಿಗೆ ಇಲ್ಲ. ಹೋದದ್ದು ನನಗೆ ತಿಳಿದದ್ದೂ ತಡವಾಗಿ, ಯಾರದೋ ಬಾಯಿಂದ. ಅಂಗಡಿಯಲ್ಲಿ ಕೆಲಸದವರಿದ್ದಾರೆ, ಆದರೂ ಫೋನ್ ನಾನೇ ಎತ್ತುತ್ತೇನೆ. ಎತ್ತುವ ಮುಂಚೆ, ನನ್ನ ವ್ಯಾನ್ ಎಲ್ಲಿ ನಿಂತಿದೆಯೆಂದು ಒಮ್ಮೆ ಹೊರಗೆ ನೋಡುತ್ತೇನೆ.