ಪ್ಯಾರಿಸ್ಸಿನಲ್ಲಿ ಹಿಂದುಮುಂದಾದ ಸೈಕಲ್ ಸೀಟು

ಪ್ಯಾರಿಸ್ಸಿಗೆ ಬಂದ ಮರುದಿನ ಬೆಳಗ್ಗೆ ಕಿಟಕಿಯಿಂದ ಕೆಳಗೆ ನೋಡಿದರೆ ರಸ್ತೆ ಬದಿಗೆ ಒಂದು ಸಾಲು ಸೈಕಲ್ ನಿಂತಿದ್ದವು. ಎಲ್ಲ ಒಂದೇ ನಮೂನೆ. ಅಂಗಡಿಯಿಲ್ಲ, ಕಾಯುವವರಿಲ್ಲ. ಕೋಟು ತೊಟ್ಟ ಹೆಂಗಸೊಬ್ಬಳು ಬಂದು ಒಂದು ಕಾರ್ಡು ಮುಟ್ಟಿಸಿ, ಸೈಕಲ್ ಎಳೆದುಕೊಂಡು ಹೊರಟೇಹೋದಳು. ನಾನು ಗಾಬರಿಬಿದ್ದು ನಮ್ಮ ಮನೆಯವರನ್ನು ಎಬ್ಬಿಸಿದೆ.

"ಅಲ್ರೀ, ಹಾಡಹಗಲೇ ಸೈಕಲ್ ಕಳವು ಆಗಾಕತ್ತಾವು, ಏಳ್ರಿ!"

"ಕಳವು ಅಲ್ಲ ತಾಯೀ, ಬಾಡಿಗಿ ಸೈಕಲ್ ಅವು. ಇಲ್ಲಿ ತಗೊಂಡು ಅಲ್ಲಿ ಬಿಡೂದು. ನನಗ ಮಲಗಾಕ ಬಿಡು."

ಹುಮನಾಬಾದ ನನ್ನ ತವರು, ಬಸವಕಲ್ಯಾಣ ಗಂಡನ ಮನೆ. ಇವರು ಹೈದರಾಬಾದಿನ ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದವರು, ಅಲ್ಲಿಂದ ಇಲ್ಲಿಯ ಒಂದು ಸಸ್ಯಾಹಾರಿ ಹೋಟೆಲಿಗೆ ಬಂದರು. ಕೆಲವು ವರ್ಷಗಳ ಮೇಲೆ ನನ್ನನ್ನು ಕರೆಸಿಕೊಂಡರು. ಮನೆ ಎಂದರೆ ಆರನೇ ಮಹಡಿಯ ಒಂದು ಕೋಣೆ, ಲಿಫ್ಟಿಲ್ಲ. ಒಲೆಯ ಪಕ್ಕಕ್ಕೇ ಪರದೆ ಕಟ್ಟಿ ಸ್ನಾನ. ಲಿಂಗಪೂಜೆಗೆ ಕೂತರೆ ಮೊಣಕಾಲು ಬಾಗಿಲಿಗೆ ತಾಗುತ್ತದೆ. ಇಲ್ಲಿಯ ರೊಟ್ಟಿಗೆ ಬಗೆತ್ ಎನ್ನುತ್ತಾರೆ, ಒನಕೆಯ ಹಾಗೆ ಉದ್ದ, ಹೆಚ್ಚುಕಡಿಮೆ ಅಷ್ಟೇ ಗಟ್ಟಿ. ಊರಲ್ಲಿ ಮಧ್ಯಾಹ್ನವಾದರೆ ಯಾರಾದರೊಬ್ಬರು "ಅಕ್ಕಾ, ಏನ್ ಮಾಡಾಕತ್ತೀರಿ" ಎಂದು ಕೂಗಿಕೊಂಡು ಒಳಗೇ ಬರುತ್ತಿದ್ದರು. ಇಲ್ಲಿ ಬಾಗಿಲು ಬಡಿಯುವ ಸದ್ದೇ ಇಲ್ಲ. ಆದರೂ ಬೆಳಗಿನ ಬಿಸಿಲು ಆ ಒಂದು ಕಿಟಕಿಗೆ ಬೀಳುತ್ತದೆ, ದೇವರು ಅಷ್ಟು ಕೊಟ್ಟಿದ್ದಾನಲ್ಲ ಎಂದುಕೊಳ್ಳುತ್ತೇನೆ.

ಹೊಸಬರಿಗೆ ಇಲ್ಲಿಯ ಸರಕಾರವೇ ಭಾಷೆ ಕಲಿಸುತ್ತದೆ. ಆ ತರಗತಿ ತಪ್ಪಿಸಿದರೆ 'ತಿತ್ರ್' ಎಂಬ ಕಾರ್ಡಿಗೆ ತೊಂದರೆ. ಆ ಕಾರ್ಡು ಇದ್ದರೆ ಇಲ್ಲಿರಬಹುದು, ಊರಿಗೆ ಹೋದರೂ ತಿರುಗಿ ಬರಬಹುದು. ಅದು ಇಲ್ಲವಾದರೆ ಗಂಡ ಒಂದು ದೇಶ, ಹೆಂಡತಿ ಒಂದು ದೇಶ, ಮತ್ತೆ ಹಳೆಯ ಬಾಳು. ನಾನು ಬಂದ ಸ್ವಲ್ಪ ದಿನಕ್ಕೇ ನಮ್ಮ ಕಡೆಯ ಮೆಟ್ರೋ ದುರಸ್ತಿಗೆಂದು ನಿಂತಿತು. ಬಸ್ಸು ಬಾಗಿಲವರೆಗೆ ತುಂಬಿ ಬರುತ್ತದೆ, ನಿಲ್ಲಿಸದೆ ಹೋಗುತ್ತದೆ. ಎರಡು ದಿನ ನನ್ನ ಗೈರುಹಾಜರಿ ಬಿತ್ತು. ಇನ್ನೊಂದು ದಿನ ತಪ್ಪಿದರೆ ಮೇಲಕ್ಕೆ ತಿಳಿಸಬೇಕಾಗುತ್ತದೆ ಎಂದು ಮೇಡಂ ಹೇಳಿದರು. ಬೇರೆ ದಾರಿ ಕಾಣದೆ ಸೈಕಲ್ ಹಿಡಿದೆ.

ಸೈಕಲ್ ನನಗೆ ಹೊಸದಲ್ಲ. ಹುಮನಾಬಾದಿನಲ್ಲಿ ಶಾಲೆಗೆ ಹೋಗುವಾಗ ಖಾಜಾ ಮಾಮಾನ ಅಂಗಡಿಯಿಂದ ತಾಸಿನ ಲೆಕ್ಕದಲ್ಲಿ ತಂದು ಕಲಿತವಳು ನಾನು. ಆತ ಕೊಡುವ ಮೊದಲು ಗಾಲಿ ಎತ್ತಿ ತಿರುಗಿಸಿ, ಬ್ರೇಕ್ ಹಿಚುಕಿ, ಗಾಳಿ ಒತ್ತಿ ನೋಡುತ್ತಿದ್ದ. "ಬೇಟಾ, ಹೈವೇ ಕಡಿ ಹೋದಿ ಅಂದ್ರ ನಿಮ್ಮಪ್ಪಗ ಹೇಳ್ತೀನ್ ನೋಡು" ಎಂದು ಬೈದೇ ಕಳಿಸುತ್ತಿದ್ದ. ಇಲ್ಲಿ ನೋಡುವವರೂ ಇಲ್ಲ, ಬೈಯುವವರೂ ಇಲ್ಲ. ಒಂದು ಕಂಬ, ಒಂದು ದೀಪ. ದೀಪ ಹಸಿರಾದರೆ ಬೀಗ ಬಿಟ್ಟಿತು, ಅಷ್ಟೇ. ಹೋಗುವಾಗ ನೋಡಿದರೆ ಸೈಕಲ್ಲೇ ಇರುವುದಿಲ್ಲ. ಮುಟ್ಟಿದ ಮೇಲೆ ನೋಡಿದರೆ ಬಿಡಲು ಜಾಗವಿರುವುದಿಲ್ಲ. ರಸ್ತೆಯ ಬಲಬದಿಗೆ ಹೋಗಬೇಕು, ನಮ್ಮ ಹಾಗೆ ಎಡಬದಿಗಲ್ಲ; ದಾಟುವಾಗ ಮೊದಲು ಎಡಕ್ಕೆ ನೋಡಬೇಕು. ನಿಂತ ಕಾರಿನ ಬಾಗಿಲು ಎದುರಿಗೇ ತೆರೆದುಕೊಳ್ಳುತ್ತದೆ. ಒಡಣಿ ಚಕ್ರಕ್ಕೆ ಸಿಗದ ಹಾಗೆ ಸೊಂಟಕ್ಕೆ ಬಿಗಿದು, ಕೊರಳಿನ ಲಿಂಗದ ಕರಡಿಗೆಯನ್ನು ಒಳಗೆ ಸೇರಿಸಿ, ತಲೆಗೆ ಟೊಪ್ಪಿಗೆ ಇಟ್ಟು ಹೊರಟರೆ ಯುದ್ಧಕ್ಕೆ ಹೊರಟಂತೆಯೇ.

ಅದರ ಜೊತೆ ಇನ್ನೊಂದು ಕಿರಿಕಿರಿ. ಕೆಲವು ಸೈಕಲ್ಲಿನ ಸೀಟು ಹಿಂದುಮುಂದಾಗಿ ನಿಂತಿರುತ್ತಿತ್ತು. ಪುಂಡರ ಕೆಲಸ ಎಂದುಕೊಂಡೆ. ನಮ್ಮ ಕಡೆ ಬಾಗಿಲ ಮುಂದೆ ಚಪ್ಪಲಿ ಬೋರಲು ಬಿದ್ದಿದ್ದರೆ ಮನೆಯಲ್ಲಿ ಜಗಳ ಬರುತ್ತದೆ ಎಂದು ದಾಟುವವರೇ ಕಾಲಿನಿಂದ ನೆಟ್ಟಗೆ ಮಾಡಿ ಹೋಗುತ್ತಾರೆ. ನನ್ನ ಕೈ ಸುಮ್ಮನಿರುವುದು ಹೇಗೆ? ದಿನಾ ಪೂಜೆ ಮುಗಿಸಿ ಕೆಳಗಿಳಿದವಳು ಆ ಸೀಟುಗಳನ್ನೆಲ್ಲ ಮುಂದಕ್ಕೆ ತಿರುಗಿಸಿಡುತ್ತಿದ್ದೆ. ಪರದೇಶದಲ್ಲಿ ನನ್ನಿಂದಾಗುವ ಸಣ್ಣ ಸೇವೆ ಎಂದು ಒಳಗೊಳಗೇ ಸಮಾಧಾನವೂ ಇತ್ತು.

ಆ ದಿನ ಕೆಳಗೆ ಬಂದರೆ ಸಾಲಿನಲ್ಲಿ ಒಂದೇ ಒಂದು ಸೈಕಲ್ ಉಳಿದಿತ್ತು, ಸೀಟು ತಿರುಗಿದ್ದು. ನನಗೋಸ್ಕರ ದೇವರೇ ಇಟ್ಟಿದ್ದಾನೆ ಎಂದು ಕೈಮುಗಿದು, ಸೀಟು ನೆಟ್ಟಗೆ ಮಾಡಿ ಹತ್ತಿದೆ. ಕಾಲುವೆಯ ಕಡೆಗಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಹಿಡಿಕೆ ಕೈಯೊಳಗೆ ಮೆತ್ತಗೆ ಬಂತು, ಗಾಲಿ ಮಾತ್ರ ನಿಲ್ಲಲಿಲ್ಲ. ಎದುರಿಗೆ ನಾಯಿ ಹಿಡಿದ ಒಬ್ಬ ಮುದುಕ. "ಬಸವಾ!" ಎಂದು ಕೂಗಿ ಗಿಡಗಳ ಕಟ್ಟೆಗೆ ತಿರುವಿ ಬಿದ್ದೆ. ಮೊದಲು ಕೈ ಹೋದದ್ದು ಕರಡಿಗೆಗೆ. ಅದು ಕೊರಳಲ್ಲೇ ಇತ್ತು. ಮುದುಕನಿಗೂ ಏನೂ ಆಗಲಿಲ್ಲ. ಮೊಣಕಾಲು ತರಚಿತ್ತು, ತರಚಲಿ. ಆತ ಮೊದಲು ಬೈದ, ಆಮೇಲೆ ಎತ್ತಿ ಕೂಡಿಸಿದ.

ಸೈಕಲ್ಲನ್ನು ನಿಲ್ದಾಣದಲ್ಲಿ ಬಿಡದೆ ಹೋಗುವ ಹಾಗಿಲ್ಲ, ಬಾಡಿಗೆ ಏರುತ್ತಲೇ ಇರುತ್ತದೆ. ತಳ್ಳಿಕೊಂಡು ಹೋದರೆ ಮೊದಲ ನಿಲ್ದಾಣ ಭರ್ತಿ. ಇನ್ನೊಂದರಲ್ಲಿ ಬಿಟ್ಟು ಕುಂಟುತ್ತ ಮುಟ್ಟುವಷ್ಟರಲ್ಲಿ ತರಗತಿಯ ಬಾಗಿಲು ಹಾಕಿದ್ದರು. ಆಫೀಸಿನ ಹೆಂಗಸು ಗಡಿಯಾರ ತೋರಿಸಿದಳು. ನಾನು ಮೊಣಕಾಲು ತೋರಿಸಿದೆ. "ಜ ಸ್ವಿ ತೋಂಬೇ" ಎಂದೆ, ನಾನು ಬಿದ್ದೆ ಎಂದು. ಪುಸ್ತಕದ ಹೊರಗೆ ನಾನಾಡಿದ ಮೊದಲ ಪೂರ್ತಿ ಮಾತು ಅದು. ಅವಳು ಗೈರುಹಾಜರಿ ಅಳಿಸಲಿಲ್ಲ. ಅದರ ಪಕ್ಕಕ್ಕೆ ಕಾರಣ ಬರೆದಳು, ಈ ಸಲ ಮೇಲಕ್ಕೆ ತಿಳಿಸುವುದಿಲ್ಲ, ಇದೇ ಕೊನೆ ಎಂದು ಬೆರಳೆತ್ತಿದಳು. ಗಾಯಕ್ಕೆ ಹಚ್ಚಲು ಒಂದು ಪಟ್ಟಿಯನ್ನೂ ಕೊಟ್ಟಳು.

ಮನೆಯ ಮೆಟ್ಟಿಲ ಮೇಲೆ ಕೆಳಮಹಡಿಯ ನಸೀಮ್ ಆಪಾ ಸಿಕ್ಕಳು. ಲಾಹೋರಿನವಳು. ಅವಳ ಉರ್ದು ರೇಷ್ಮೆ, ನನ್ನದು ಹುಮನಾಬಾದ ಬಸ್ ಸ್ಟ್ಯಾಂಡಿನದು, ಆದರೂ ಇಬ್ಬರ ಮಾತು ನಡೆಯುತ್ತದೆ. ನಡೆದದ್ದನ್ನೆಲ್ಲ ಹೇಳಿದೆ. ಅವಳು ಹಣೆ ಹಣೆ ಬಡಿದುಕೊಂಡಳು.

"ಯಾ ಅಲ್ಲಾ! ಸೀಟ್ ಉಲ್ಟಾ ಅಂದರೆ ಸೈಕಲ್ ಖರಾಬ್! ಹತ್ತಬೇಡಿ ಅಂತ ಹಿಂದಿನವರು ತಿರುಗಿಸಿ ಹೋಗುತ್ತಾರೆ. ದಿನಾ ನೆಟ್ಟಗೆ ಮಾಡುತ್ತಿದ್ದ ಪುಣ್ಯವಂತೆ ನೀನೇನಾ?"

ನನ್ನ ಸೇವೆಯಿಂದ ಇನ್ನೆಷ್ಟು ಜನ ಬಿದ್ದರೋ. ರಾತ್ರಿ ಇವರಿಗೆ ಹೇಳಿದರೆ ನಕ್ಕು, ಆಮೇಲೆ ಸಿಟ್ಟಿಗೆದ್ದರು.

"ಎಲ್ಲಾ ನೆಟ್ಟಗ ಮಾಡಾಕ ನೀ ಏನ್ ಪ್ಯಾರಿಸ್ಸಿನ ಗೌಡತಿ ಅದೀ ಏನು? ನಾಳಿಂದ ಸೈಕಲ್ ಬ್ಯಾಡ."

"ನಿಮಗ ಇದು ಗೊತ್ತಿರಬೇಕಿತ್ತಲ್ರೀ? ಎಷ್ಟ್ ವರ್ಷಾತು ಇಲ್ಲಿಗೆ ಬಂದು!"

"ನಾ ಯಾವಾಗ ಸೈಕಲ್ ಹೊಡದೀನಿ? ಹಂಚಿನ ಮುಂದ ನಿಂತಾಂವ ನಾ."

"ಹಂಗಾರ ಕ್ಲಾಸಿಗೆ ಹ್ಯಾಂಗ ಹೋಗ್ಲಿ? ನಿಮ್ಮ ದೋಸಿ ಮ್ಯಾಲ ಕೂತು ಹೋಗ್ಲೇನು?"

ಅವರು ಎದ್ದು ಒಲೆ ಹಚ್ಚಿದರು. ಎಣ್ಣೆ ಕಾಯಿಸಿ ನನ್ನ ಕಾಲಿಗೆ ಹಚ್ಚಿದರು.

ಆಮೇಲೆ ಖಾಜಾ ಮಾಮಾನ ಕೆಲಸವನ್ನೂ ನಾನೇ ಮಾಡತೊಡಗಿದೆ. ಬ್ರೇಕ್ ಹಿಚುಕಿ, ಗಾಳಿ ಒತ್ತಿ, ಸರಪಳಿ ನೋಡಿಯೇ ಬೀಗ ಬಿಡಿಸುವುದು. ಕೆಟ್ಟದ್ದು ಸಿಕ್ಕರೆ ನಾನೇ ಸೀಟು ತಿರುಗಿಸುವುದು. ದೊಡ್ಡ ಲಾರಿ ತಿರುಗುವಲ್ಲಿ ಇಳಿದು ನಡೆಯುವುದು. ಜಾಗ ಸಿಗದೆ ಅತ್ತಿತ್ತ ಅಲೆದು ಅಳು ಬಂದ ದಿನಗಳೂ ಉಂಟು. ಆದರೆ ತರಗತಿ ಮತ್ತೆ ತಪ್ಪಲಿಲ್ಲ. ಕಾರ್ಡು ಬಂತು. ಬಂದ ಮೇಲೆಯೇ ಊರಿಗೆ ಹೋಗಿ ಬರುವ ಧೈರ್ಯವೂ ಬಂತು.

ಹುಮನಾಬಾದಿನಲ್ಲಿ ಇಳಿದ ಮರುದಿನ ಅವ್ವನ ಗುಳಿಗೆ ತರಲೆಂದು ಹೊರಟೆ. ಹುಟ್ಟಿದಾಗಿನಿಂದ ದಾಟಿದ ರಸ್ತೆ. ಎಡಕ್ಕೆ ನೋಡಿದೆ, ಖಾಲಿಯಿತ್ತು, ಕಾಲಿಟ್ಟೆ. ಬಲದಿಂದ ಬಂದ ಟಂಟಂ ಆಟೋ ಕೀರೆಂದು ನನ್ನ ಸೀರೆಯ ನೆರಿಗೆಗೆ ತಾಗಿ ನಿಂತಿತು. ಮೊದಲು ಎಡಕ್ಕೆ ನೋಡುವುದು, ಕಾರ್ಡಿಗಾಗಿ ಪ್ಯಾರಿಸ್ಸಿನ ಓಣಿಗಳಲ್ಲಿ ಕಣ್ಣಿಗೆ ಹಿಡಿಸಿಕೊಂಡ ರೂಢಿ ಅದು. ಅಲ್ಲಿ ಅದು ನನ್ನನ್ನು ಉಳಿಸುತ್ತದೆ.

"ಏ ಯಕ್ಕಾ! ಗಾಡಿ ಯಾವ ಕಡಿಂದ ಬರ್ತಾವ ಗೊತ್ತಿಲ್ಲೇನು? ಯಾ ಊರಾಕಿ ನೀ?"

"ಇದ ಊರಾಕಿ ಅದೀನೋ ತಮ್ಮಾ" ಎಂದೆ. ಅಷ್ಟರಲ್ಲಿ ಅವನು ಹೋಗಿಯಾಗಿತ್ತು. ಔಷಧದ ಅಂಗಡಿ ಎದುರಿಗೇ ಕಾಣುತ್ತಿತ್ತು. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಮತ್ತೆ ಎಡಕ್ಕೆ ನೋಡಿದೆ. ಪರವೂರಿನವಳ ಹಾಗೆ, ಯಾರಾದರೂ ದಾಟುವವರು ಬರಲಿ, ಅವರ ಹಿಂದೆ ಹೋದರಾಯಿತು ಎಂದು ಕಾಯುತ್ತ ನಿಂತೆ.